ಅವ್ವ ಮಸುಕು, ಎಮ್ಮೆ ಸ್ಪಷ್ಟ

ದಿಗ್ಗೇವಾಡಿಯ ನಮ್ಮ ಅಂಗಳದಲ್ಲಿ ಅವ್ವ ಮತ್ತು ಅವಳ ಅಕ್ಕ ತಬ್ಬಿಕೊಂಡು ಅಳುತ್ತಿದ್ದರು. ಮೊಣಕಾಲು ನೋವಿನಿಂದ ಮನೆ ಬಿಟ್ಟು ಕದಲದಿದ್ದ ದೊಡ್ಡವ್ವ ಆರು ವರ್ಷಗಳ ನಂತರ ಅಥಣಿಯಿಂದ ಬಂದಿದ್ದಳು. ನಾನು ಐದು ಹೆಜ್ಜೆ ದೂರದಲ್ಲಿ ನಿಂತು ಲೆನ್ಸ್ ತಿರುವುತ್ತಿದ್ದೆ.

ಅದು ವಯಸ್ಸಿನಲ್ಲಿ ನನಗಿಂತ ಹಿರಿಯದಾದ ಜೂಮ್ ಲೆನ್ಸ್. ಅದನ್ನು ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಅಡಾಪ್ಟರ್ ಹಾಕಿ ಕೂರಿಸಿದ್ದೆ. ಫೋಕಸ್ ಎಲ್ಲ ಕೈಯಿಂದಲೇ ಆಗಬೇಕು. ತಾನಾಗಿ ಫೋಕಸ್ ಆಗುವ ಲೆನ್ಸ್ ಸೋಮಾರಿಗಳಿಗೆ ಎಂದು ವಾರವಿಡೀ ಮನೆಯವರಿಗೆ ಉಪದೇಶ ಮಾಡಿದ್ದೆ. ಈಗ ಜೂಮ್ ಮಾಡಿದರೆ ಮುಖಗಳು ಮಸುಕಾಗುತ್ತಿದ್ದವು. ಸರಿಪಡಿಸುವಷ್ಟರಲ್ಲಿ ಅವರು ಅಲುಗುತ್ತಿದ್ದರು. ಹೇಗೋ ಹನ್ನೊಂದು ಫೋಟೊ ತೆಗೆದೆ. ಅಷ್ಟರಲ್ಲಿ ಇಬ್ಬರೂ ಕಣ್ಣೊರೆಸಿಕೊಂಡು, ಕಟ್ಟೆಯ ಮೇಲೆ ಕೂತು ಚಹಾ ಕುಡಿಯತೊಡಗಿದ್ದರು.

ದೊಡ್ಡವ್ವ ಕ್ಯಾಮೆರಾದ ಪರದೆ ನೋಡಿ ಅವ್ವನಿಗೆ ಹೇಳಿದಳು: “ನಮ್ಮಿಬ್ಬರ ಮಾರಿ ಹೊಗಿ ಆಗ್ಯಾವು. ಹಿಂದ ಕಟ್ಟಿದ ಎಮ್ಮೀದು ಕಣ್ರೆಪ್ಪಿ ಸುದ್ದಾ ಎಣಿಸಬಹುದು ನೋಡ.”

ನಾನು ನಾಚಿಕೆ ಬಿಟ್ಟು, ಇನ್ನೊಮ್ಮೆ ಹಾಗೆಯೇ ತಬ್ಬಿಕೊಳ್ಳಿ ಎಂದೆ.

“ಮತ್ತ ಅಳು ಎಲ್ಲಿಂದ ತರೂದೋ ತಮ್ಮಾ? ಎಮ್ಮೀನ ಕೇಳು, ಅದಕ್ಕ ಗಡಿಬಿಡಿ ಏನಿಲ್ಲ,” ಎಂದಳು ದೊಡ್ಡವ್ವ.

ಅವ್ವ ನಕ್ಕ ರಭಸಕ್ಕೆ ಸೀರೆಯ ಮೇಲೆ ಚಹಾ ಚೆಲ್ಲಿತು.

ಫೋಟೊ ಕೆಟ್ಟದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ಅವ್ವ ಅಳುತ್ತ ಅಕ್ಕನಿಗೆ ಏನು ಹೇಳಿದಳೆಂದು ಒಳಗಿದ್ದ ಹೆಂಡತಿ ಆಮೇಲೆ ಕೇಳಿದಳು. ಎಲ್ಲರಿಗಿಂತ ಹತ್ತಿರ ನಿಂತಿದ್ದ ನನಗೆ ಒಂದು ಮಾತೂ ಕೇಳಿಸಿರಲಿಲ್ಲ.