ಎಂಟನೆಯ ರೀಲಿಗೆ ಕೇಳುವವರಿಲ್ಲ

ಗುರುವಾರ ಬೆಳಗಿನ ಐದೂವರೆ. ಅಫಜಲಪುರದ ಮಟನ್ ಅಂಗಡಿಗಳ ಸಾಲಿನಲ್ಲಿ ಇನ್ನೂ ಒಂದೇ ಬಾಗಿಲು ತೆರೆದಿದೆ. ಅದು ಖಾಸೀಂಬಿಯವರದು. ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ಭೀಮಶಾ ಹೆಗಲಿನಿಂದ ಸಾಣೆಯ ಚೌಕಟ್ಟನ್ನು ಇಳಿಸಿ, ಧೋತರವನ್ನು ಮೊಣಕಾಲಿಗೆ ಸಿಕ್ಕಿಸಿ ಕೂರುತ್ತಾರೆ. ನಾಲ್ಕು ಕತ್ತಿ, ಒಂದು ಮಚ್ಚು ಎದುರಿಗೆ ಬಂದು ಬೀಳುತ್ತವೆ. ಎಡಗೈ ಕಬ್ಬಿಣದ ಹಿಡಿಕೆ ತಿರುಗಿಸುತ್ತದೆ, ಬಲಗೈ ಕತ್ತಿಯನ್ನು ಕಲ್ಲಿಗೆ ಒತ್ತುತ್ತದೆ. ಕಿಡಿ ಹಾರಿದ ಕೂಡಲೇ ಬಾಯಿ ಶುರುವಾಗುತ್ತದೆ.

"ಬಂದ ನೋಡ್ರಪ್ಪೋ ಸವಾರ! ಮುಂದ ಹೊಳಿ ತುಂಬಿ ಹರಿಯಾಕತ್ತದ, ಹಿಂದ ಸರದಾರನ ಇಪ್ಪತ್ತು ಮಂದಿ. ಕುದುರಿ ನಿಂತದ. ಕಿವಿ ನಿಗರಿಸ್ಯಾದ. ಸವಾರ ಅದರ ಕಿವ್ಯಾಗ ಏನೋ ಅಂದ. ಏನಂದ? ಅವ್ರಿಬ್ಬರಿಗೇ ಗೊತ್ತು. ಹಾರಿತು!"

ಖಾಸೀಂಬಿ ಮಾಂಸ ಕೊಯ್ಯುವ ದಿಮ್ಮಿಗೆ ಉಪ್ಪು ಹಾಕಿ ಉಜ್ಜುತ್ತಿದ್ದಾರೆ. ಈ ಮಾತನ್ನು ಇಪ್ಪತ್ತೆರಡು ವರ್ಷಗಳಿಂದ ಗುರುವಾರ ಗುರುವಾರ ಕೇಳಿದ್ದಾರೆ. ಸವಾರ ಆಚೆ ದಡಕ್ಕೆ ಬೀಳುತ್ತಾನೆ. ಅವನ ಬಿಳಿ ಕುದುರೆ ಸುಳಿಗೆ ಸಿಕ್ಕಿ ಕಣ್ಮರೆಯಾಗುತ್ತದೆ. ಅಷ್ಟರಲ್ಲಿ ಮಚ್ಚಿನ ಅಂಚು ಹೊಳೆಯುತ್ತದೆ, ಭೀಮಶಾ ಬಾಯಿ ಮುಚ್ಚುತ್ತಾರೆ.

"ಆ ಕುದುರಿ ಉಳೀತೋ ಸತ್ತೋ, ಇವತ್ತರೆ ಹೇಳೋ ಅಣ್ಣಾ."

"ನಿಂದು ನಾಲ್ಕನೇ ರೀಲು ಬೇ. ಕುದುರಿ ಸುದ್ದಿ ಎಂಟನೇದರಾಗ ಅದ. ಅದು ನೆಲೋಗಿಯಾಗ."

"ಯಾ ಅಲ್ಲಾ! ಒಂದು ಕುದುರಿ ಸಲುವಾಗಿ ನಾ ನೆಲೋಗಿತನಕ ಬಸ್ ಹತ್ತಬೇಕೇನೋ? ಅಂಗಡಿ ನಿಮ್ಮಪ್ಪ ನೋಡ್ತಾನೇನು?"

"ನಮ್ಮಪ್ಪ ಇದ್ದಿದ್ರ ನಿನ್ನ ಅಂಗಡಿ ಮುಂದ ಸಾವಿರ ಮಂದಿ ಕೂಡಸ್ತಿದ್ದ. ಮಟನ್ ಮಾರೂದು ಮಾತ್ರ ಮರೀತಿದ್ದ."

ಭೀಮಶಾ ಹೇಳುತ್ತಿರುವುದು ಒಂದು ಸಿನಿಮಾ. ಮೂಕಿ ಚಿತ್ರ, ಹೆಸರು 'ಒಂಟಿ ಬುರುಜು'. ರೈಲು ನಿಲ್ದಾಣಗಳಲ್ಲಿ ಬಿಸಿ ಭಜಿಯಂತೆ ಖರ್ಚಾಗುತ್ತಿದ್ದ ಒಂದು ಮರಾಠಿ ಕಾದಂಬರಿಯಿಂದ ತೆಗೆದದ್ದು. ಬುರುಜಿನಲ್ಲಿ ಸೆರೆಬಿದ್ದ ಹುಡುಗಿ, ಅವಳನ್ನು ಬಿಡಿಸಲು ಹೊರಟ ಸವಾರ, ಬಿಳಿ ಕುದುರೆ, ಬೆನ್ನು ಹತ್ತಿದ ಸರದಾರ. ಒಟ್ಟು ಎಂಟು ರೀಲು. ಇವತ್ತು ಅದರ ಒಂದು ಪ್ರತಿಯೂ ಎಲ್ಲಿಯೂ ಇಲ್ಲ. ಉಳಿದಿರುವುದು ಎಪ್ಪತ್ತಾರು ವರ್ಷದ ಈ ಸಾಣೆಯವರ ಬಾಯಲ್ಲಿ ಮಾತ್ರ.

ಭೀಮಶಾ ಆಳಂದ ತಾಲ್ಲೂಕಿನ ಹಿರೋಳ್ಳಿಯವರು. ತಂದೆ ಗುರುಲಿಂಗ ಡೇರೆ ಹೊತ್ತು ಊರೂರು ತಿರುಗಿ ಸಿನಿಮಾ ತೋರಿಸುತ್ತಿದ್ದರು. ಪೇಟೆಗಳಲ್ಲಿ ಮಾತಾಡುವ ಚಿತ್ರ ಬಂದು ಎಷ್ಟೋ ಕಾಲವಾಗಿತ್ತು. ಕರೆಂಟು ಕಾಣದ ಹಳ್ಳಿಗಳಿಗೆ ಹಳೆಯ ಮೂಕಿಯೇ ಗತಿ. ಪರದೆಯ ಮೇಲಿನ ಅಕ್ಷರ ಓದಲು ಯಾರಿಗೂ ಬರುತ್ತಿರಲಿಲ್ಲ. ಗುರುಲಿಂಗ ಪರದೆಯ ಎಡಕ್ಕೆ ಕೋಲು ಹಿಡಿದು ನಿಂತು ಕಥೆ ಹೇಳುತ್ತಿದ್ದರು, ಏಳು ವರ್ಷದ ಭೀಮಶಾ ಯಂತ್ರದ ಹಿಡಿಕೆ ತಿರುಗಿಸುತ್ತಿದ್ದ.

"ಸೆಕೆಂಡಿಗೆ ಎರಡು ಸುತ್ತ್ರಿ. ಒಂದು ರೀಲಿಗೆ ಎರಡು ಸಾವಿರ. ಜೋರು ತಿರುಗಿಸಿದ್ರ ಸವಾರ ಹುಚ್ಚನಂಗ ಓಡ್ತಾನ, ಸಾವಕಾಶ ತಿರುಗಿಸಿದ್ರ ಕುದುರಿ ನಿದ್ದಿ ಮಾಡ್ತದ. ಅಪ್ಪನ ಮಾತು, ನನ್ನ ಕೈ, ಎರಡೂ ಕೂಡಿ ನಡೀಬೇಕು. ಈಗೂ ಕೈ ನಿಂತ್ರ ಬಾಯಿ ನಿಲ್ತದ."

ಯಂತ್ರ ಗುಜರಿಗೆ ಹೋಯಿತು. ಹಿಡಿಕೆಯನ್ನು ಮಾತ್ರ ಭೀಮಶಾ ಕಿತ್ತುಕೊಂಡು ತಮ್ಮ ಸಾಣೆಗೆ ಜೋಡಿಸಿದರು. ದಿನಕ್ಕೆ ಮೂವತ್ತರಿಂದ ನಲವತ್ತು ಹತಾರುಗಳು ಅವರ ಕಲ್ಲಿಗೆ ಬರುತ್ತವೆ. ಬಿಡಿ ಗಿರಾಕಿಗಳಿಗೆ ಬರೀ ಸಾಣೆ. ಖಾಯಂ ಗಿರಾಕಿಗಳೆಂದು ಗೊತ್ತುಮಾಡಿಕೊಂಡದ್ದು ಎಂಟು ಮಂದಿ. ಒಬ್ಬೊಬ್ಬರಿಗೆ ಒಂದೊಂದು ರೀಲು. ಸೋಮವಾರ ಆಳಂದದಲ್ಲಿ ಮೊದಲ ಮೂರು, ಗುರುವಾರ ಅಫಜಲಪುರದಲ್ಲಿ ನಾಲ್ಕು ಮತ್ತು ಐದು, ಶನಿವಾರ ಜೇವರ್ಗಿಯಲ್ಲಿ ಆರು ಮತ್ತು ಏಳು, ಭಾನುವಾರ ನೆಲೋಗಿಯಲ್ಲಿ ಎಂಟು. ಗಿರಾಕಿ ಮಾಲು ತೆಗೆದುಕೊಂಡು ಒಳಗೆ ಹೋಗುತ್ತಾನೆ, ಭೀಮಶಾ ಮುಂದಿನ ಬಸ್ಸಿಗೆ ನಡೆಯುತ್ತಾರೆ. ಹೀಗಾಗಿ ಇಡೀ ಚಿತ್ರ ಮೂರು ತಾಲ್ಲೂಕಿನಲ್ಲಿ ಹಂಚಿಹೋಗಿದೆ. ಪೂರ್ತಿ ಕೇಳಿದವರು ಒಬ್ಬರೂ ಇಲ್ಲ.

ಆಳಂದದ ದರ್ಜಿ ದೌಲತರಾಯರದು ಮೊದಲನೆಯ ರೀಲು. ಅವರನ್ನು ಕೇಳಿದರೆ ಕತ್ತರಿ ಆಡಿಸುತ್ತಲೇ ಹೇಳುತ್ತಾರೆ: "ಹುಡುಗಿನ ಬುರುಜಿನ್ಯಾಗ ಹಾಕಿದ್ದು ಖರೇ. ಮುಂದ ಯಾರು ಬಿಡಿಸಿದ್ರೋ ನಂಗೇನು ಗೊತ್ರೀ? ನಾ ಅಂತೂ ಬಿಡಿಸಿಲ್ಲ."

ಸರದಿ ತಪ್ಪಿಸಿ ಹೇಳುವುದಿಲ್ಲ ಎನ್ನುವುದು ಭೀಮಶಾರ ಹಟ. ಅಪ್ಪ ಎಂದೂ ನಾಲ್ಕರ ಜಾಗದಲ್ಲಿ ಎಂಟು ಹಾಕಿದವರಲ್ಲ. ಹಟದ ಹಿಂದೆ ಇನ್ನೊಂದು ಸಂಗತಿ ಇದೆ. ಅದನ್ನು ಅವರು ಅರವತ್ತೇಳು ವರ್ಷ ಯಾರಿಗೂ ಹೇಳಿರಲಿಲ್ಲ, ಈಗ ನನಗೆ ಹೇಳಿದರು.

ಅವರಿಗೆ ಆಗ ಒಂಬತ್ತು ವರ್ಷ. ಮಳೆಗಾಲದಲ್ಲಿ ಡಬ್ಬಿಯೊಳಗಿನ ರೀಲುಗಳಿಗೆ ಬೂಷ್ಟು ಹಿಡಿದಿತ್ತು. ಅಪ್ಪ ಅದನ್ನೇ ಗೊಣಗುತ್ತ ಸೊಲ್ಲಾಪುರಕ್ಕೆ ಹೋಗಿದ್ದರು. ಅವ್ವ ನಿಂಬೆವ್ವ ಅರಿವೆ ಒಗೆಯಲು ಹಂಡೆಯಲ್ಲಿ ಚೌಳು ಮಣ್ಣು ಹಾಕಿ ನೀರು ಕುದಿಸಿಟ್ಟು, ಹೊಳೆಯ ಕಡೆ ಹೋದಳು. ಅಪ್ಪ ಬರುವಷ್ಟರಲ್ಲಿ ರೀಲು ಸ್ವಚ್ಛ ಮಾಡಿಡೋಣ ಎಂದು ಹುಡುಗ ಎಂಟನ್ನೂ ಹಂಡೆಗೆ ಇಳಿಸಿದ.

"ಕರೀ ನೀರು ಬಿಡಾಕತ್ತು. ನಾ ಹೊಲಸು ಹೊಂಟದಂತ ಖುಷಿಯಾಗಿ ಇನ್ನಷ್ಟು ತಿಕ್ಕಿದ್ನಿ. ಆಮ್ಯಾಲ ಹಗ್ಗ ಕಟ್ಟಿ ಒಣ ಹಾಕೀನಿ. ಬಿಸಿಲಿಗೆ ಗಾಜಿನಂಗ ಹೊಳೀತಿತ್ರಿ. ಎಷ್ಟು ಚಂದ ಆಗ್ಯಾದ ಅಂತ ಅವ್ವನ್ನ ಕರದು ತೋರಿಸೀನಿ. ಆಕಿ ಒಂದು ಸಲ ರೀಲು ನೋಡಿದ್ಳು, ಒಂದು ಸಲ ನನ್ನ ನೋಡಿದ್ಳು. ಅಪ್ಪ ಬಂದ ಮ್ಯಾಲ 'ನಾನೇ ತೊಳದೇನಿ' ಅಂದ್ಳು. ಅಪ್ಪ ಆಕೀ ಕೂಡ ವರ್ಷಾನಗಟ್ಲೆ ಸರಿಯಾಗಿ ಮಾತಾಡಲಿಲ್ಲ. ಆಕಿ ಸತ್ಳು. ಅಪ್ಪ ಸತ್ತ. ನಾ ಹೇಳಲೇ ಇಲ್ರಿ."

ಮುಂಗಡ ಹಿಡಿದಿದ್ದ ಆಟ ನಿಲ್ಲಿಸುವಂತಿರಲಿಲ್ಲ. ಗುರುಲಿಂಗ ಚಿತ್ರವೆಲ್ಲ ತೊಳೆದುಹೋದ ಆ ಖಾಲಿ ರೀಲನ್ನೇ ಯಂತ್ರಕ್ಕೆ ಹಾಕಿಸಿದರು. ಪರದೆಯ ತುಂಬ ಬರೀ ಬಿಳಿ ಬೆಳಕು. ಅದರ ಕಡೆ ಕೋಲು ತೋರಿಸಿ "ಬಂದ ನೋಡ್ರಪ್ಪೋ ಸವಾರ" ಎಂದರು. ಮೂರನೆಯ ರೀಲಿನ ತನಕ ಮಂದಿ ಬೈದರು, ಕಲ್ಲು ತೂರಿದರು. ನಾಲ್ಕನೆಯದರಲ್ಲಿ ಕುದುರೆ ಹೊಳೆಗೆ ಬಿದ್ದಾಗ ಹೆಂಗಸೊಬ್ಬಳು "ಅಯ್ಯೋ ಶಿವನೇ" ಎಂದಳಂತೆ. ಆಮೇಲೆ ಯಾರೂ ಏಳಲಿಲ್ಲ. ಎರಡು ವರ್ಷ ಹಾಗೆಯೇ ಆಟ ನಡೆಯಿತು. ಭೀಮಶಾರಿಗೆ ಎಂಟೂ ರೀಲು ಬಾಯಿಪಾಠವಾದದ್ದು ಆ ಬಿಳಿ ಪರದೆಯ ಮುಂದೆ.

ಎರಡು ವರ್ಷದ ಹಿಂದೆ ಹಳೆಯ ಚಿತ್ರಗಳನ್ನು ಹುಡುಕುವ ಒಬ್ಬ ದೊಡ್ಡ ಮನುಷ್ಯ ಕಾರು ಮಾಡಿಕೊಂಡು ಹಿರೋಳ್ಳಿಗೆ ಬಂದಿದ್ದ. ಉಳಿದಿದ್ದ ಒಂದೇ ಡಬ್ಬಿ ತೆರೆಸಿ, ಖಾಲಿ ಪಟ್ಟಿಯನ್ನು ಬೆಳಕಿಗೆ ಹಿಡಿದು, ತಲೆ ಕೊಡವಿ ಎದ್ದ. "ಕಥಿ ಹೇಳ್ಲೇನ್ರಿ ಅಂದ್ನಿ. ಗಡಿಯಾರ ನೋಡಿದ." ದಿನವಿಡೀ ಕಾರಿನಲ್ಲಿ ಕುಳಿತು ಬಂದವನಿಗೆ ಎರಡೂವರೆ ತಾಸು ನೆಲದ ಮೇಲೆ ಕೂರಲು ಆಗಲಿಲ್ಲ. ಡಬ್ಬಿಗೆ ಕೈಮುಗಿದು ಮನುಷ್ಯನಿಗೆ ಬೆನ್ನು ತೋರಿಸುವ ಇಂಥವರ ಕೈಗೇ ನಮ್ಮ ಚರಿತ್ರೆಯ ಬೀಗದ ಕೈ ಕೊಟ್ಟಿದ್ದೇವೆ. ನಾಚಿಕೆಯಾಗಬೇಕು.

ಅದಕ್ಕಿಂತ ದೊಡ್ಡ ನಷ್ಟ ನೆಲೋಗಿಯಲ್ಲಿ ಆಗಿದೆ. ಎಂಟನೆಯ ರೀಲಿನ ಗಿರಾಕಿ ಮರೆಮ್ಮ. ಸುಗ್ಗಿಗೆ ಹೋಗುವ ಹೆಂಗಸರ ಕುಡಗೋಲುಗಳನ್ನೆಲ್ಲ ಒಟ್ಟುಮಾಡಿ ಇಡುತ್ತಿದ್ದಳು. ಅವಳಿಗೆ ಕಥೆಯ ಕೊನೆ ಮಾತ್ರ ಗೊತ್ತು, ತಲೆಬುಡ ತಿಳಿಯದು. ಆದರೂ ಪ್ರತಿ ಸಲ ಸೆರಗಿನಿಂದ ಕಣ್ಣು ಒರೆಸುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಮರೆಮ್ಮ ತೀರಿಕೊಂಡಳು. ಕೊಯ್ಲಿಗೆ ಮಷೀನು ಬಂತು, ಕುಡಗೋಲು ಬರಲಿಲ್ಲ.

ಭೀಮಶಾ ಈಗಲೂ ಭಾನುವಾರ ನೆಲೋಗಿಯಲ್ಲಿ ಇಳಿಯುತ್ತಾರೆ. ಬೀಗ ಬಿದ್ದ ಬಾಗಿಲ ಮುಂದೆ ಕೂತು, ಬುತ್ತಿ ಬಿಚ್ಚಿ ಉಂಡು, ಕಲಬುರಗಿ ಬಸ್ಸು ಹಿಡಿಯುತ್ತಾರೆ. ಮದುವೆಯಾಗಿಲ್ಲ. "ವಾರದಾಗ ಐದು ದಿನ ಊರಾಗಿಲ್ಲದವಗ ಹೆಣ್ಣು ಯಾರು ಕೊಡ್ತಾರ್ರಿ?" ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ. "ಖಾಲಿ ಕಲ್ಲು ತಿರುಗಿಸಿ ಹೇಳಿ ನೋಡೀನ್ರಿ, ಬರಂಗಿಲ್ಲ. ಯಾರದರೆ ಹತಾರು ಇರಬೇಕು. ಹೋದ ತಿಂಗಳಿಂದ ಎಂಟನೇದು ನಡುವ ನಡುವ ಹಾರಾಕತ್ತದ. ಬುರುಜು ಕಾಣಸ್ತದ, ಹುಡುಗಿ ಕಾಣಸ್ತಾಳ, ಮುಂದಿಂದು ಬಿಳೇದು. ಒಮ್ಮಿ ತೊಳದೀನಿ. ಎರಡನೇ ಸಲಾನೂ ನಾನೇ ತೊಳೀತೇನೇನೋ ಅಂತ ಅಂಜಿಕಿ."

ಈ ಗುರುವಾರ ಸಾಣೆ ಎತ್ತಿಕೊಳ್ಳುವಾಗ ಅವರು ಆ ಅಂಜಿಕೆಯನ್ನು ಖಾಸೀಂಬಿಗೂ ಹೇಳಿಬಿಡುತ್ತಾರೆ. ಖಾಸೀಂಬಿ ದಿಮ್ಮಿ ಉಜ್ಜುವುದನ್ನು ನಿಲ್ಲಿಸುತ್ತಾರೆ. ಒಳಗೆ ಹೋಗಿ ಹಳೆಯದೊಂದು ಕತ್ತಿ ತರುತ್ತಾರೆ. ತುಕ್ಕು ಹಿಡಿದ, ಅತ್ತೆಯ ಕಾಲದ ಕತ್ತಿ.

"ಇದನ್ನ ಇಲ್ಲಿ ಹಿಡೀಬ್ಯಾಡ. ನೆಲೋಗಿಯಾಗ ಹಿಡಿ. ಮುಂದಿನ ಗುರುವಾರ ತಂದ್ಕೊಡು."

"ಅಲ್ಲಿ ಮಂದಿ ಯಾರಿಲ್ಲ ಬೇ."

"ಮಂದಿ ಯಾಕ? ನಿನಗ ಹತಾರು ಬೇಕಂದಿ, ಹತಾರು ಕೊಟ್ಟೇನಿ. ನಾಲ್ಕು ನಾ ಕೇಳ್ತೇನಿ, ಎಂಟು ನನ್ನ ಕತ್ತಿ ಕೇಳಲಿ. ಸರದಿ ತಪ್ಪಲಿಲ್ಲಲ್ಲ? ಇನ್ನ ನಡಿ, ಬಸ್ ಹೋಗ್ತದ."

ಭಾನುವಾರ ಹತ್ತರ ಬಿಸಿಲು. ಮರೆಮ್ಮನ ಬಾಗಿಲಿಗೆ ಬೀಗ ಹಾಗೆಯೇ ಇದೆ. ಭೀಮಶಾ ಕಲ್ಲಿಗೆ ನೀರು ಚಿಮುಕಿಸಿ ಅತ್ತೆಯ ಕತ್ತಿಯನ್ನು ಹಚ್ಚುತ್ತಾರೆ. ಕೈ ಸೆಕೆಂಡಿಗೆ ಎರಡು ಸುತ್ತು ಹಿಡಿಯುತ್ತದೆ. ಮೊದಲಿಗೆ ಬರೀ ತುಕ್ಕು ಉದುರುತ್ತದೆ. ತುಟಿ ಅಲ್ಲಾಡುತ್ತದೆ, ಮಾತು ಬರುವುದಿಲ್ಲ. ಅರ್ಧ ಅಂಚು ಬೆಳ್ಳಗಾದಾಗ ಕಿಡಿ ಏಳುತ್ತದೆ. "ಬುರುಜು ಹತ್ತಿದ ನೋಡ್ರಪ್ಪೋ…" ಧ್ವನಿ ಏರುತ್ತದೆ. ಬೀಗದ ಬಾಗಿಲಿಗೆ, ಖಾಲಿ ಓಣಿಗೆ, ಅವರು ಒಂದು ಕಡೆಯೂ ತಡವರಿಸದೆ ಎರಡು ಸಾವಿರ ಸುತ್ತು ಮುಗಿಸುತ್ತಾರೆ. ಕತ್ತಿಯ ಅಂಚಿಗೆ ಹೆಬ್ಬೆರಳು ತಾಗಿಸಿ ನೋಡಿ, ಅರಿವೆಯಲ್ಲಿ ಸುತ್ತುತ್ತಾರೆ.

"ಇನ್ನೊಂದೇ ಆಸೆ ಅದ. ಯಾರರೆ ಒಬ್ಬರು ಎಂಟೂ ಒಮ್ಮಿಗೇ ಕೂತು ಕೇಳಬೇಕು, ನಡುವ ಏಳಬಾರದು" ಎನ್ನುತ್ತಾರೆ ನನ್ನ ಕಡೆ ನೋಡಿ. ಕತ್ತಿಯನ್ನು ಚೀಲಕ್ಕೆ ಇಳಿಸುತ್ತಾರೆ. ಬಸ್ಸಿನ ಹಾರ್ನು ಕೇಳಿದಾಗ ಎದ್ದು, ಚೌಕಟ್ಟು ಹೆಗಲಿಗೇರಿಸುತ್ತಾರೆ.

"ಕುದುರಿ ಬಂತ್ರಿ. ಒಂದು ಕಾಲು ಕುಂಟಾಗಿತ್ತು, ಖರೇ ಬಂತು. ಗುರುವಾರ ಆಕೀಗೆ ಹೇಳಬೇಕು."