ಗೆರೆ ಅಕ್ಕ ಗಾಡಿ ಬಿಚ್ಚುತ್ತಾರೆ

ಬೆಳಕು ಹರಿಯುವ ಹೊತ್ತಿಗೆ ಜನ ಕಿಟಕಿಯ ಪರದೆ ಸರಿಸುತ್ತಾರೆ. ಈಕೆ ಎಳೆದು ಮುಚ್ಚುತ್ತಾರೆ. ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಕೆಳ ಅಂತಸ್ತಿನ ಈ ಕೋಣೆ ಪೂರ್ವಕ್ಕೆ ಮುಖ ಮಾಡಿದೆ. ಬಿಸಿಲಿನ ಒಂದು ಎಳೆ ಒಳಗೆ ಬಿದ್ದರೂ ಮೇಜಿನ ಮೇಲೆ ಸಾಲಾಗಿ ನಿಂತ ಪುಟ್ಟ ಗಾಡಿಗಳಿಗೆ ದಾರಿ ಕಾಣದಂತಾಗುತ್ತದೆ. ಪರದೆಯ ಅಂಚಿಗೆಲ್ಲ ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ಟ್ಯೂಬ್‌ಲೈಟ್ ಹಾಕಿ, ಆಕೆ ನೆಲದ ಮೇಲಿನ ದೊಡ್ಡ ಬಿಳಿ ಹಲಗೆಯ ಪಕ್ಕ ಮಂಡಿಯೂರುತ್ತಾರೆ. ಕರಿ ಟೇಪು ಬಿಚ್ಚಿ, ಅಂಟಿಸಿ, ಹೆಬ್ಬೆರಳಿನಿಂದ ಉದ್ದಕ್ಕೂ ಉಜ್ಜುತ್ತಾರೆ.

“ಗುಳ್ಳೆ ಉಳಿದ್ರೆ ಗಾಡಿ ಅಲ್ಲೇ ತಡವರಿಸುತ್ತೆ. ಹುಡುಗ್ರು ಪಾಪ, ತಾವು ಬರೆದದ್ದೇ ತಪ್ಪು ಅಂದ್ಕೊಂಡು ಮಧ್ಯಾಹ್ನದವರೆಗೂ ತಲೆ ಕೆರ್ಕೋತಾ ಕೂತಿರ್ತಾರೆ” ಎನ್ನುತ್ತಾರೆ. ವಿದ್ಯಾರ್ಥಿಗಳು ಈಕೆಯನ್ನು ಕರೆಯುವುದೇ ಗೆರೆ ಅಕ್ಕ ಎಂದು.

ಮೊದಲ ವರ್ಷದವರಿಗೆ ರೋಬಾಟ್ ವಿಜ್ಞಾನದ ಪರಿಚಯ ಮಾಡಿಸುವ ಪಾಠ ಇದು. ನಾಲ್ಕೈದು ಮಂದಿಯ ಗುಂಪಿಗೆ ಒಂದು ತಟ್ಟೆ ಬಿಡಿಭಾಗ ಸಿಗುತ್ತದೆ: ಎರಡು ಚಕ್ರ, ಎರಡು ಮೋಟಾರು, ತಂತಿ, ಸ್ಕ್ರೂಗಳು, ಗಾಡಿಯ ಹೊಟ್ಟೆಯಡಿ ಕೂರಿಸುವ ಬೆಳಕಿನ ಕಣ್ಣುಗಳು. ಆ ಕಣ್ಣು ನೆಲಕ್ಕೆ ಬೆಳಕು ಬಿಡುತ್ತದೆ. ಬಿಳಿ ಅದನ್ನು ವಾಪಸು ಕೊಡುತ್ತದೆ, ಕಪ್ಪು ನುಂಗುತ್ತದೆ. ಅಷ್ಟರಿಂದಲೇ ಗಾಡಿ ಗೆರೆ ಹಿಡಿದು ಹೋಗಬೇಕು. ಹೇಗೆ ಹೋಗಬೇಕೆಂದು ಅದಕ್ಕೆ ಪ್ರೋಗ್ರಾಂ ಬರೆದುಕೊಡುವವರು ವಿದ್ಯಾರ್ಥಿಗಳು. ಕಡಿದ ತಂತಿ, ಸವೆದ ಹಲ್ಲುಚಕ್ರ, ಹೊಗೆ ಬಂದ ಮೋಟಾರು ಇವೆಲ್ಲ ಅಕ್ಕನ ಪಾಲು.

ಸೆಮಿಸ್ಟರ್ ಮುಗಿದ ಮೇಲೆ ಗಾಡಿಗಳನ್ನು ಬಿಚ್ಚುವುದೂ ಅವರೇ. ಮುಂದಿನ ತಂಡ ಬರಿಯ ತಟ್ಟೆಯಿಂದಲೇ ಶುರು ಮಾಡಬೇಕು ಎಂಬುದು ಇಲ್ಲಿನ ಪದ್ಧತಿ. ಗಾಡಿಗೆ ಹೆಸರಿಟ್ಟು, ಬಣ್ಣ ಬಳಿದು ಮುದ್ದು ಮಾಡಿದವರು ಆ ದಿನ ಸುತ್ತ ನಿಲ್ಲುತ್ತಾರೆ. ಕೆಲವರು ಫೋಟೊ ತೆಗೆಯುತ್ತಾರೆ, ಕೆಲವರಿಗೆ ನೋಡಲಾಗುವುದಿಲ್ಲ. “ಅಳಬೇಡಿ, ನಿಮಗೂ ಯಾರೋ ಬಿಚ್ಚಿದ್ದನ್ನೇ ಕೊಟ್ಟಿದ್ದು” ಎಂದು ಅಕ್ಕ ರೇಗಿಸುತ್ತಾರೆ.

ಈ ಸಲ ರೇಗಿಸಲು ಬಾಯಿ ಬರುತ್ತಿಲ್ಲ. ಮುಂದಿನ ಸೆಮಿಸ್ಟರಿನಿಂದ ಇಡೀ ಪಾಠ ಕಂಪ್ಯೂಟರ್ ಪರದೆಯ ಮೇಲೆ ನಡೆಯಲಿದೆ. ಗಾಡಿಯೂ ಗೆರೆಯೂ ಅಲ್ಲೇ. ಕೋಣೆ ತಿಂಗಳ ಕೊನೆಗೆ ಖಾಲಿಯಾಗಬೇಕು, ಉಳಿದದ್ದೆಲ್ಲ ಗುಜರಿಗೆ ಎಂದು ಆದೇಶ ಬಂದಿದೆ. ಅಕ್ಕನಿಗೆ ಇನ್ನು ಮುಂದೆ ಪರೀಕ್ಷಾ ವಿಭಾಗದಲ್ಲಿ ಉತ್ತರಪತ್ರಿಕೆಗಳನ್ನು ಕಟ್ಟುವ ಕೆಲಸ.

ಕೆಲಸದ ಕೋಣೆಯೊಂದು ಹೀಗೆ ಖಾಲಿಯಾಗುವುದನ್ನು ಅವರು ನೋಡುತ್ತಿರುವುದು ಎರಡನೆಯ ಸಲ. ಹದಿಹರೆಯದಿಂದ ಮದುವೆಯಾಗಿ ಎಷ್ಟೋ ವರ್ಷದವರೆಗೆ ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದರು. ಅಲ್ಲಿಗೆ ಒಂದು ಯಂತ್ರದ ತೋಳು ಬಂತು. ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ಎದ್ದು ಮನೆಗೆ ಹೋದರು. “ನನ್ನ ಅನ್ನ ಕಿತ್ಕೊಂಡಿದ್ದರ ಮರಿಗಳನ್ನೇ ಇಲ್ಲಿ ಸಾಕಿದೆ ನೋಡಿ” ಎನ್ನುತ್ತಾರೆ. ಅದರಲ್ಲಿ ಕಹಿ ಎಷ್ಟು, ತಮಾಷೆ ಎಷ್ಟು ಎಂದು ಹೇಳುವುದು ಕಷ್ಟ.

ಸರಕು ಸಾಗಿಸುವ ವ್ಯಾನು ಓಡಿಸುವ ಗಂಡನಿಗೆ ಹೆಂಡತಿ ಈ ಗಾಡಿಗಳನ್ನು ಹಚ್ಚಿಕೊಂಡಿರುವುದು ಹೊಸದಲ್ಲ. “ನಾನು ಇಷ್ಟು ವರ್ಷದಿಂದ ಗಾಡಿ ಓಡಿಸ್ತಿದೀನಿ, ಸರಿಯಾಗಿ ಬಂದ್ರಾ ಅಂತ ಇವಳು ಕೇಳಿದ್ದಿಲ್ಲ. ಅಲ್ಲಿ ಅಂಗೈಯಷ್ಟು ಗಾಡಿ ದಾರಿ ತಪ್ಪಿದ್ರೆ ಇವಳಿಗೆ ಊಟ ಸೇರಲ್ಲ” ಎಂದು ಚುಚ್ಚುತ್ತಾರೆ.

“ನೀವು ದಾರಿ ತಪ್ಪಿದ್ರೆ ಕೇಳ್ಕೊಂಡು ಬರ್ತೀರ. ಅವಕ್ಕೆ ಬಾಯಿದ್ಯಾ?”

ಇತ್ತೀಚೆಗೆ ಮನೆಯಲ್ಲಿ ಈ ಮಾತುಗಳೂ ಕಡಿಮೆಯಾಗಿವೆ. ಅಕ್ಕನ ಎದೆಯಲ್ಲಿ ಒಂದು ದಿನದ ನೆನಪು ಮುಳ್ಳಿನಂತೆ ಉಳಿದುಬಿಟ್ಟಿದೆ.

ಕೋಣೆಯನ್ನು ಉಳಿಸಬೇಕೋ ಬೇಡವೋ ಎಂದು ನೋಡಲು ಸಮಿತಿಯವರು ಬರುವವರಿದ್ದರು. ಹಿಂದಿನ ಸಂಜೆ ಅಕ್ಕ ನೆಲ ತೊಳೆದರು, ಮೇಜು ಉಜ್ಜಿದರು. ಬಿಳಿ ಹಲಗೆ ಮಂಕಾಗಿ ಕಂಡಿತು. ಬರುವವರು ದೊಡ್ಡವರು, ಹೀಗಿದ್ದರೆ ಚೆನ್ನಾಗಿರುವುದಿಲ್ಲ ಅನ್ನಿಸಿ, ಮೇಜಿಗೆ ಹಚ್ಚುವ ಪಾಲಿಶನ್ನೇ ಹಲಗೆಗೂ ಹಚ್ಚಿದರು. ಟೇಪಿನ ಮೇಲೂ ಬಟ್ಟೆ ಆಡಿತು. ಒಣಬಟ್ಟೆ ಬಿಟ್ಟು ಬೇರೇನೂ ಹಲಗೆಗೆ ತಾಗಬಾರದೆಂದು ಪ್ರತಿ ತಂಡಕ್ಕೂ ಗದರಿಸಿ ಹೇಳುತ್ತಿದ್ದವರೇ ಅವರು. ಆ ಸಂಜೆ ಅದು ನೆನಪಿಗೆ ಬರಲಿಲ್ಲ.

ಬೆಳಗ್ಗೆ ಒಬ್ಬ ಹುಡುಗಿ ತನ್ನ ಗುಂಪಿನ ಗಾಡಿಯನ್ನು ಗೆರೆಯ ಮೇಲಿಟ್ಟು ಗುಂಡಿ ಒತ್ತಿದಳು. ಅದು ಮೊದಲ ತಿರುವಿನಲ್ಲಿ ತಿರುಗದೆ ನೆಟ್ಟಗೆ ಹೋಗಿ ಹಲಗೆಯಿಂದಾಚೆ ಬಿತ್ತು. ಎರಡನೆಯದೂ ಹಾಗೇ. ಮೂರನೆಯದೂ ಬಿದ್ದಾಗ ಸಮಿತಿಯ ಹಿರಿಯರೊಬ್ಬರು, “ಇವಕ್ಕೆ ನಮ್ಮನ್ನ ಕಂಡ್ರೆ ಓಡಿಹೋಗೋಣ ಅನ್ಸುತ್ತೋ ಏನೋ” ಎಂದರು. ಎಲ್ಲರೂ ನಕ್ಕರು. ಗಾಡಿ ಎತ್ತಿಕೊಳ್ಳಲು ಬಗ್ಗಿದಾಗ ಅಕ್ಕನಿಗೆ ಕಾರಣ ಕಂಡಿತು.

“ಕರಿ ಪಟ್ಟೀಲಿ ಟ್ಯೂಬ್‌ಲೈಟು ಕಾಣ್ತಿತ್ತು. ಕಪ್ಪು ನುಂಗಬೇಕಾದ್ದನ್ನ ನಾನು ಹೊಳೆಯೋ ಹಾಗೆ ಮಾಡಿಟ್ಟಿದ್ದೆ. ಒಂದು ಗಳಿಗೆ ನಿಲ್ಲಿ, ಟೇಪು ಬದಲಾಯಿಸ್ತೀನಿ ಅನ್ನಬಹುದಿತ್ತು. ಅಷ್ಟು ಜನರ ಮುಂದೆ ನಾಲಿಗೆ ಏಳಲಿಲ್ಲ.”

ಸಮಿತಿಯವರು ಹೋದ ಮೇಲೆ ಅಕ್ಕ ಪಾಠದ ಮೇಷ್ಟ್ರಿಗೆ ಎಲ್ಲ ಹೇಳಿದರು. ಮೇಷ್ಟ್ರು ಬೈಯಲಿಲ್ಲ.

“ನಿಮ್ಮಿಂದ ಏನೂ ಆಗಿಲ್ಲ ಅಕ್ಕ. ತೀರ್ಮಾನ ಮೊದಲೇ ಆಗಿತ್ತು ಅಂತ ನನಗೆ ಅನುಮಾನ.”

“ಹಾಗಿದ್ರೆ ನೋಡೋಕೆ ಯಾಕೆ ಬಂದ್ರು ಸರ್?”

ಮೇಷ್ಟ್ರು ಬಿದ್ದ ಗಾಡಿಯ ಚಕ್ರವನ್ನು ಬೆರಳಿನಿಂದ ತಿರುಗಿಸುತ್ತ ಕೂತುಬಿಟ್ಟರು.

ಸಮಿತಿಯ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗದು. ವಿದ್ಯಾರ್ಥಿಗಳು ವರ್ಷವರ್ಷ ಹೆಚ್ಚುತ್ತಿದ್ದಾರೆ, ಗಾಡಿಗಳು ಹನ್ನೆರಡೇ. ಪರದೆಯ ಮೇಲಾದರೆ ಪ್ರತಿಯೊಬ್ಬರಿಗೂ ಒಂದೊಂದು ಸಿಗುತ್ತದೆ. ಅಕ್ಕನೇ ಇದನ್ನು ಒಪ್ಪುತ್ತಾರೆ. ಆದರೂ ಮೇಷ್ಟ್ರ ಅನುಮಾನ ನಿಜವೇ ಎಂದು ತಿಳಿಸುವವರು ಯಾರೂ ಇಲ್ಲ. ಹಾಗಾಗಿ ತಪ್ಪು ತನ್ನದೇ ಎಂಬುದು ಅವರ ಮನಸ್ಸಿನಿಂದ ಇಳಿಯುತ್ತಿಲ್ಲ.

ಈಗ ಬಿಚ್ಚುವ ದಿನಗಳು. ಮೊನ್ನೆ ಬಂದ ವಿದ್ಯಾರ್ಥಿಗಳು ತಡೆದರು. “ಅಕ್ಕ, ಮುಂದೆ ಯಾರೂ ಬರಲ್ಲವಲ್ಲ. ಇವನ್ನ ಹೀಗೇ ಬಿಡಿ. ನಾವೊಂದೊಂದು ನೆನಪಿಗೆ ಇಟ್ಕೋತೀವಿ.”

“ಇಟ್ಕೊಂಡು?”

“ಶೋಕೇಸಲ್ಲಿ...”

“ಅಲ್ಲಿ ಧೂಳು ತಿನ್ನೋಕಾ? ಗಾಡಿಯಾಗಿದ್ರೆ ಇದು ನಿಮ್ಮೊಬ್ಬರದು. ಬಿಚ್ಚಿಟ್ರೆ ಯಾರದಾದ್ರೂ ಆಗುತ್ತೆ. ಬಾ, ಆ ಸ್ಕ್ರೂಡ್ರೈವರ್ ಕೊಡು.”

ಹುಡುಗಿಯೊಬ್ಬಳು ಮುನಿಸಿಕೊಂಡೇ ಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ತಾನೂ ಒಂದು ಚಕ್ರ ಬಿಚ್ಚಲು ಕೂತಳು.

ಅಕ್ಕ ಚಕ್ರಗಳನ್ನು ಒರೆಸಿ ಜೋಡಿ ಮಾಡುತ್ತಾರೆ. ತಂತಿಗಳನ್ನು ಬಣ್ಣದ ಪ್ರಕಾರ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಪ್ರತಿ ಮೋಟಾರನ್ನೂ ಬ್ಯಾಟರಿಗೆ ತಾಗಿಸಿ, ಕಿವಿಯ ಹತ್ತಿರ ಹಿಡಿದು ಕೇಳುತ್ತಾರೆ. ಹನ್ನೆರಡರಲ್ಲಿ ಎಂಟು ಗಾಡಿಗಳು ಈಗ ತಟ್ಟೆ ಸೇರಿವೆ. ಗುಜರಿಯವನು ತೂಕಕ್ಕೆ ಹಾಕಿಕೊಳ್ಳುವ ಮೊದಲು ಯಾವುದಾದರೂ ಶಾಲೆಯವರು ಬಂದು ಕೇಳಲಿ ಎಂಬುದು ಅವರ ಆಸೆ. ಕೇಳಿದರೆ ಕೊಡಬಹುದೆಂದು ಮೇಷ್ಟ್ರು ಒಪ್ಪಿಗೆ ತಂದುಕೊಟ್ಟಿದ್ದಾರೆ. ಈವರೆಗೆ ಯಾರೂ ಬಂದಿಲ್ಲ.

ಈ ಲೇಖನಕ್ಕೆಂದು ಫೋಟೊ ತೆಗೆಸಿಕೊಳ್ಳಲು ಅಕ್ಕ ಒಪ್ಪಲಿಲ್ಲ. ತಟ್ಟೆಗಳದ್ದು ತೆಗೆಯಿರಿ ಎಂದರು.

“ನನ್ನ ವಿಷಯ ಅಷ್ಟೊಂದು ಬರೀಬೇಡಿ. ಇಂಥಾ ಸಾಮಾನು ಇದೆ, ಕೆಲಸ ಮಾಡುತ್ತೆ ಅಂತ ಬರೀರಿ. ತಿಂಗಳ ಕೊನೆವರೆಗೂ ಬೆಳಗ್ಗೆ ಬಂದ್ರೆ ನಾನಿಲ್ಲೇ ಇರ್ತೀನಿ. ಎಲ್ಲಾ ಒಳ್ಳೇವೇ. ಒಂದು ಮೋಟಾರು ಮಾತ್ರ ಬಿಸಿಯಾದ ಮೇಲೆ ಎಳೆಯೋದು ಕಮ್ಮಿ. ಅದನ್ನ ಬೇರೆ ಇಟ್ಟಿದೀನಿ, ಹೇಳಿಯೇ ಕೊಡ್ತೀನಿ.”