ಪಟ್ಟಿಯಿಂದ ಕಾಣೆಯಾದ ಇನ್ನೂರ ಹದಿಮೂರು ಜನ

ನಮ್ಮ ಸೋದರತ್ತೆಗೆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ, ಆದರೆ ಅದೇನೆಂದು ಮನೆಯಲ್ಲಿ ಯಾರಿಗೂ ನೆಟ್ಟಗೆ ಹೇಳಲು ಬರುವುದಿಲ್ಲ. ರಜೆಯಲ್ಲಿ ಎರಡು ವಾರ ಪಕ್ಕದಲ್ಲೇ ಕೂತು ನೋಡಿದ್ದರಿಂದ ನಾನು ಹೇಳಬಲ್ಲೆ. ಒಂದೇ ಕಾಯಿಲೆಯನ್ನು ಹತ್ತು ಡಾಕ್ಟರು ಹತ್ತು ಥರ ಬರೆಯುತ್ತಾರೆ, ಅದೂ ಕೋಳಿ ಕೆದರಿದಂಥ ಅಕ್ಷರದಲ್ಲಿ. ಕಂಪ್ಯೂಟರಿನ ವೈದ್ಯಕೀಯ ಪದಕೋಶದಲ್ಲಿ ಅದಕ್ಕೆ ಒಂದೇ ಹೆಸರು, ಒಂದೇ ನಂಬರು. ಅತ್ತೆ ನಾಲ್ಕು ಅಕ್ಷರ ಒತ್ತಿದರೆ ಹೆಸರುಗಳು ಸಾಲಾಗಿ ಇಳಿಯುತ್ತವೆ, ಸರಿಯಾದದ್ದನ್ನು ಹೆಕ್ಕಿ ರೋಗಿಯ ದಾಖಲೆಗೆ ಅಂಟಿಸುತ್ತಾಳೆ. ರೋಗಿಗೆ ಆಗದ ಔಷಧಿ ಕೊಡಲು ಹೋದರೆ ವಾರ್ಡಿನ ಪರದೆಯ ಮೇಲೆ ಕೆಂಪು ಎಚ್ಚರಿಕೆ ಹೊತ್ತಿಕೊಳ್ಳುವುದು ಇದರಿಂದಲೇ ಎಂದು ತಿಳಿದಾಗ ನನಗೆ ರೋಮಾಂಚನವಾಯಿತು.

ಪದಕೋಶದವರು ವರ್ಷಕ್ಕೊಮ್ಮೆ ಕೆಲವು ಹಳೆಯ ಹೆಸರುಗಳನ್ನು ಕೈಬಿಟ್ಟು ಹೊಸದನ್ನು ತರುತ್ತಾರೆ. ಕೈಬಿಟ್ಟವೂ ಹುಡುಕಾಟದಲ್ಲಿ ಬಂದು ಅಡ್ಡಗಾಲು ಹಾಕುತ್ತಿದ್ದವು. ಹೋದ ತಿಂಗಳು ಅತ್ತೆಯೇ ಹೇಳಿ, ಇಡೀ ಆಸ್ಪತ್ರೆಯಲ್ಲಿ ಅವು ಕಾಣದಂತೆ ಮಾಡಿಸಿದ್ದಳು. "ರಿಟೈರ್ ಆದೋರು ದಿನಾ ಆಫೀಸಿಗೆ ಬಂದ್ರೆ ಕೆಲಸ ಮಾಡೋರು ಎಲ್ಲಿ ಕೂರೋದು?" ಅದು ಅವಳ ಜೋಕು.

ಅವತ್ತು ಬೆಳಿಗ್ಗೆ ಹತ್ತೂವರೆಗೆ ನಾನು ಸುಮ್ಮನೆ ಕೇಳಿದೆ. "ಅತ್ತೆ, ನಾನೂ ಇದೀನಾ ಇದರಲ್ಲಿ?"

ಚಿಕ್ಕಂದಿನಲ್ಲಿ ಪೆನಿಸಿಲಿನ್ ಚುಚ್ಚಿದ್ದಕ್ಕೆ ನನ್ನ ಮುಖ ಕುಂಬಳಕಾಯಿಯಂತೆ ಊದಿ, ಉಸಿರು ಕಟ್ಟಿತ್ತು. ಆ ಅಲರ್ಜಿಯನ್ನು ದಾಖಲಿಸಿದ್ದು ಅತ್ತೆಯೇ.

"ಇರದೆ ಎಲ್ಲಿಗೆ ಹೋಗ್ತೀಯ, ಮಹರಾಯ್ತಿ," ಎನ್ನುತ್ತಾ ಪೆನಿಸಿಲಿನ್ ಅಲರ್ಜಿ ಇರುವವರ ಪಟ್ಟಿ ತೆಗೆದಳು.

ನಾನು ಇರಲಿಲ್ಲ.

ಅತ್ತೆ ನಕ್ಕಳು. ಮತ್ತೆ ಒತ್ತಿದಳು. ಮೂರನೆಯ ಸಲ ನಗಲಿಲ್ಲ. ಪರದೆಯ ಮೂಲೆಯಲ್ಲಿದ್ದ ಚಿಕ್ಕ ಚೌಕಕ್ಕೆ, 'ಕೈಬಿಟ್ಟ ಹೆಸರುಗಳನ್ನೂ ತೋರಿಸು' ಎಂಬಲ್ಲಿ, ಟಿಕ್ ಹಾಕಿದಳು. ಇನ್ನೂರ ಹದಿಮೂರು ರೋಗಿಗಳ ಹೆಸರು ದಡದಡನೆ ಇಳಿದವು, ನನ್ನದೂ ಸೇರಿ. ಆ ಅಲರ್ಜಿಯ ಹಳೆಯ ಹೆಸರನ್ನು ಅಡಗಿಸಿದ್ದರು. ಅದರ ಕೆಳಗಿದ್ದ ಜನರನ್ನು ಹೊಸದಕ್ಕೆ ಯಾರೂ ಸಾಗಿಸಿರಲಿಲ್ಲ. ಅಷ್ಟು ಜನರಿಗೂ ಒಂದು ತಿಂಗಳಿಂದ ಕೆಂಪು ಎಚ್ಚರಿಕೆ ಇಲ್ಲ.

"ಇವರಲ್ಲಿ ಈಗ ಅಡ್ಮಿಟ್ ಆಗಿರೋರು ಯಾರ್ಯಾರು ನೋಡೇ," ಎಂದಳು. ನಾನೇ ಒತ್ತಿದೆ. ಒಬ್ಬರೇ. ಒಬ್ಬ ದರ್ಜಿ, ಹರ್ನಿಯಾ ಆಪರೇಷನ್, ಹನ್ನೊಂದಕ್ಕೆ. ಕೊಯ್ಯುವ ಮೊದಲು ಕೊಡುವ ಔಷಧಿ ಯಾವುದೆಂದು ಓದಿ ಅತ್ತೆ ಫೋನೆತ್ತಿದಳು. ಪೆನಿಸಿಲಿನ್ ಜಾತಿಯದೇ.

ಆಪರೇಷನ್ ಥಿಯೇಟರಿನ ಫೋನು ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಗಡಿಯಾರದಲ್ಲಿ ಹತ್ತು ಐವತ್ತು. ಲಿಫ್ಟು ನಾಲ್ಕನೇ ಮಹಡಿಯಲ್ಲಿ ನಿಂತಿತ್ತು. ಮಂಡಿನೋವೆಂದು ಮನೆಯಲ್ಲಿ ಎರಡು ಮೆಟ್ಟಿಲಿಗೆ ಒಮ್ಮೆ ಕೂರುವ ಅತ್ತೆ, ಮೂರು ಮಹಡಿಯನ್ನು ಗೋಡೆ ಹಿಡಿದು ಹತ್ತಿದಳು, ನಾನು ಹಿಂದೆ, ಈಗಾಗಲೇ ಚುಚ್ಚಿಬಿಟ್ಟಿದ್ದರೆ ಎಂಬುದೊಂದೇ ಯೋಚನೆ.

ಬಾಗಿಲು ತೆರೆದ ನರ್ಸಮ್ಮನ ಕೈಯಲ್ಲಿ ತುಂಬಿದ ಸಿರಿಂಜ್ ಇತ್ತು.

"ಸಿಸ್ಟರ್, ಕೊಡಬೇಡಿ. ಅವರಿಗೆ ಅದು ಆಗಲ್ಲ."

"ಸ್ಕ್ರೀನಲ್ಲಿ ಏನೂ ಇಲ್ವಲ್ಲಮ್ಮ. ಅವರನ್ನ ಕೇಳಿದೆ, ನೆನಪಿಲ್ಲ ಅಂದ್ರು."

"ಸ್ಕ್ರೀನಲ್ಲಿ ಇಲ್ಲದ ಹಾಗೆ ಮಾಡಿಸಿದ್ದು ನಾನೇ," ಎಂದಳು ಅತ್ತೆ.

ನರ್ಸಮ್ಮ ಅವಳನ್ನೇ ನೋಡಿ, ಸಿರಿಂಜನ್ನು ಮೆಲ್ಲಗೆ ತಟ್ಟೆಗಿಟ್ಟು, ಡಾಕ್ಟರನ್ನು ಕರೆಯಲು ಒಳಗೆ ಹೋದಳು. ದರ್ಜಿಗೆ ಬೇರೆ ಔಷಧಿ ಕೊಟ್ಟರು.

ಕೆಳಗೆ ಬಂದ ಅತ್ತೆ ನೀರು ಕೂಡ ಕುಡಿಯಲಿಲ್ಲ. ಇಡೀ ಆಸ್ಪತ್ರೆಯಲ್ಲಿ ಆ ಚೌಕಕ್ಕೆ ಟಿಕ್ ಹಾಕಿಸಿ, ತಪ್ಪು ತನ್ನದೆಂದು ಮೇಲಿನವರಿಗೆ ಬರೆದು, ಇನ್ನೂರ ಹದಿಮೂರು ಜನರನ್ನು ಒಬ್ಬೊಬ್ಬರಾಗಿ ಹೊಸ ಹೆಸರಿಗೆ ಸಾಗಿಸಲು ಕೂತಳು.

"ಅತ್ತೆ, ಕೆಲಸ ಹೋಗತ್ತಾ?"

"ಹೋದ್ರೆ ಹೋಗ್ಲಿ. ಒಂದು ತಿಂಗಳಲ್ಲಿ ಇನ್ಯಾರಿಗಾದ್ರೂ ಏನಾದ್ರೂ ಆಗಿದ್ಯಾ, ಅದನ್ನ ಮೊದ್ಲು ನೋಡ್ಬೇಕು. ಹೆಸರು ಓದು, ನಿಧಾನಕ್ಕೆ."

ನಾನು ಓದಿದೆ. ಪ್ರತಿ ಹೆಸರಿಗೂ ಅವಳು ಉಸಿರು ಹಿಡಿದು ಫೈಲು ತೆರೆಯುತ್ತಿದ್ದಳು.